ಮಾರ್ಚ್ ಕ್ಲೋಸಿಂಗ್‌ನಲ್ಲಿ ಮನೆ ಖಾಲಿ ಮಾಡಿದ್ದು

2025ರ ಫೆಬ್ರವರಿ ಕೊನೆಯಲ್ಲಿ ಇವರಿಗೆ ಮೈಸೂರಿಗೆ ವರ್ಗವಾಯಿತು. ಬ್ಯಾಂಕಿನ ಕೆಲಸ, ವರ್ಗ ಇದ್ದದ್ದೇ. ಆದರೆ ಇಷ್ಟು ವರ್ಷ ಬೆಂಗಳೂರೊಳಗೇ ಬ್ರಾಂಚ್ ಬದಲಾಗುತ್ತಿತ್ತು, ಮನೆ ಬದಲಾಗುತ್ತಿರಲಿಲ್ಲ. ಹನುಮಂತನಗರದಲ್ಲಿ ಮೂರನೇ ಮಹಡಿಯ ಆ ಮನೆಗೆ ನಾವು ಬಂದದ್ದು 2016ರಲ್ಲಿ. ಲಿಫ್ಟ್ ಇಲ್ಲ. ಒಂಬತ್ತು ವರ್ಷದಲ್ಲಿ ಒಂದೊಂದೇ ಸಾಮಾನು ಮೆಟ್ಟಿಲು ಹತ್ತಿ ಬಂದದ್ದು ಗೊತ್ತೇ ಆಗಿರಲಿಲ್ಲ, ಎಲ್ಲವೂ ಒಂದೇ ದಿನ ಇಳಿಯಬೇಕು ಅಂದಾಗ ಮಾತ್ರ ಎದೆ ಧಸಕ್ ಅಂದಿತು.

ಶಿಫ್ಟಿಂಗ್ ಅಂದರೆ ಡಬ್ಬ ಕಟ್ಟೋದು, ಲಾರಿಗೆ ತುಂಬೋದು ಅಂತ ನಾನು ತಿಳಿದಿದ್ದೆ. ಅದು ಎರಡು ದಿನದ ಕೆಲಸ, ದುಡ್ಡು ಕೊಟ್ಟರೆ ಬೇರೆಯವರೇ ಮಾಡುತ್ತಾರೆ. ನಮಗೆ ತಿಂಗಳಿಡೀ ತಲೆ ಕೆಡಿಸಿದ್ದು ಒಂದೇ ಒಂದು ತಾರೀಖು ಹುಡುಕೋದು.

ಅಡುಗೆಮನೆ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇಳಿಸಿ ಊಟದ ಟೇಬಲ್ ಮೇಲೆ ಹರವಿಕೊಂಡು ಕೂತೆವು. ಮಗಳು ಎಸ್‌ಎಸ್‌ಎಲ್‌ಸಿ. ಪರೀಕ್ಷೆ ಮಾರ್ಚ್ 21ರಿಂದ ಏಪ್ರಿಲ್ 4. ಅಲ್ಲಿಯವರೆಗೆ ಮನೆಯಲ್ಲಿ ಒಂದು ಕುರ್ಚಿ ಕೂಡ ಅಲ್ಲಾಡಬಾರದು ಅಂತ ಅವಳ ಆರ್ಡರ್. ಇವರಿಗೆ ಮಾರ್ಚ್ ಕ್ಲೋಸಿಂಗ್. ಕ್ಲೋಸಿಂಗ್ ಮುಗಿಸಿಕೊಂಡೇ ಹೋಗಿ ಅಂತ ಮ್ಯಾನೇಜರ್ ಹಿಡಿದಿಟ್ಟುಕೊಂಡಿದ್ದರು, ಏಪ್ರಿಲ್ 9ಕ್ಕೆ ಮೈಸೂರಲ್ಲಿ ರಿಪೋರ್ಟ್ ಮಾಡಬೇಕು. ಬ್ಯಾಂಕಿನವರನ್ನು ಮದುವೆಯಾದವರಿಗೆ ಗೊತ್ತು, ಮಾರ್ಚ್‌ನಲ್ಲಿ ಗಂಡ ಅನ್ನೋದು ರಾತ್ರಿ ಹತ್ತಕ್ಕೆ ಬಂದು ಊಟ ಮಾಡಿ ಮಲಗುವ ಒಬ್ಬ ಪೇಯಿಂಗ್ ಗೆಸ್ಟ್. 30 ಭಾನುವಾರ ಯುಗಾದಿ, 31 ಸೋಮವಾರ ರಂಜಾನ್, ಎರಡು ದಿನ ಒಟ್ಟಿಗೆ ರಜ ಸಿಗುತ್ತೆ ಅಂತ ನಾನು ಲೆಕ್ಕ ಹಾಕಿದ್ದೆ. ಸರ್ಕಾರದ ವ್ಯವಹಾರ ನೋಡುವ ಬ್ಯಾಂಕುಗಳು 31ಕ್ಕೂ ತೆಗೆದಿರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿಬಿಟ್ಟಿತು. ಅದೂ ಹೋಯಿತು.

ಸರಿ, ಇವರಿಲ್ಲದಿದ್ದರೂ ನಾನೇ ಮಾಡಿಸ್ತೀನಿ ಅಂತ ಸಾಗಿಸುವವರೊಬ್ಬರಿಗೆ ಫೋನ್ ಮಾಡಿದೆ. "ಮೇಡಂ, ಮೂವತ್ತು ಮೂವತ್ತೊಂದು ಕೇಳಲೇಬೇಡಿ. ಡ್ರೈವರ್‌ಗಳಿಗೆ ರಂಜಾನು, ಹುಡುಗರಿಗೆ ವರ್ಷತೊಡಕು. ಒಬ್ಬರೂ ಸಿಗಲ್ಲ" ಅಂದರು. ಸತ್ಯ ಅಲ್ವಾ, ವರ್ಷತೊಡಕಿನ ದಿನ ಬಾಡೂಟ ಬಿಟ್ಟು ನಮ್ಮ ಬೀರು ಹೊರೋಕೆ ಯಾರು ಬರ್ತಾರೆ?

ಉಳಿದದ್ದು ಏಪ್ರಿಲ್ 5ರಿಂದ 8. ಇಲ್ಲಿ ಅತ್ತೆ ಕನ್ನಡಕ ಏರಿಸಿದರು. 5 ಶನಿವಾರ, ಅಷ್ಟಮಿ, ಬೇಡ. 6 ಭಾನುವಾರ ರಾಮನವಮಿ. "ಹಬ್ಬದ ದಿನ ಗಂಟುಮೂಟೆ ಕಟ್ಕೊಂಡು ಹೋಗ್ತಾರೇನೇ?" 8 ಮಂಗಳವಾರ, ಕೇಳಲೇಬೇಡಿ. ಸೋಮವಾರ 7, ದಶಮಿ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತು ರಾಹುಕಾಲ, ಅದನ್ನು ಬಿಟ್ಟರೆ ದೋಷವಿಲ್ಲ. ನನಗೆ ಇದರಲ್ಲೆಲ್ಲ ಅಷ್ಟು ನಂಬಿಕೆ ಇಲ್ಲ. ಆದರೆ ಒಂದು ಮಾತು ಹೇಳಲೇಬೇಕು, ಅದೇ ಸೋಮವಾರಕ್ಕೆ ಸಾಗಿಸುವವರು ಭಾನುವಾರಕ್ಕಿಂತ ಮೂರು ಸಾವಿರ ಕಡಿಮೆ ಹೇಳಿದರು. ಪಂಚಾಂಗವೂ ರೇಟ್ ಕಾರ್ಡೂ ಒಂದೇ ಕಡೆ ಬೆರಳು ತೋರಿಸಿದ ಮೇಲೆ ಇನ್ನೇನು ಯೋಚನೆ.

ಮುಂದಕ್ಕೆ ಹಾಕಬಹುದಿತ್ತಲ್ಲ ಅಂತ ಎಷ್ಟೋ ಜನ ಕೇಳಿದರು. ಮೇ ತಿಂಗಳು ಅಂದರೆ ಎರಡೂ ಕಡೆ ಬಾಡಿಗೆ, ಜೊತೆಗೆ ಸಂಜೆಯಾದರೆ ಗುಡುಗು ಮಳೆ. ಜೂನ್ ಕೊನೆಗೆ ಆಷಾಢ. ಆಷಾಢದಲ್ಲಿ ಅತ್ತೆಯನ್ನು ಹೊಸ ಮನೆಗೆ ಕರೆದುಕೊಂಡು ಹೋಗೋದಕ್ಕಿಂತ ಆ ಬೀರುವನ್ನು ನಾನೊಬ್ಬಳೇ ಹೊತ್ತುಕೊಂಡು ಹೋಗೋದು ಸುಲಭ.

ಮೈಸೂರಲ್ಲಿ ಮನೆ ಹುಡುಕೋದು ಮಾತ್ರ ನಾನು ಹೆದರಿದಷ್ಟು ಕಷ್ಟ ಆಗಲಿಲ್ಲ. ಮಾರ್ಚ್‌ನ ಮೂರು ಭಾನುವಾರ ಬೆಳಿಗ್ಗೆ ಹೊರಟು ರಾತ್ರಿ ವಾಪಸ್. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರ ಅಂತ ಬೀದಿ ಬೀದಿ ಸುತ್ತಿ ಗೇಟಿಗೆ ನೇತುಹಾಕಿದ ಬೋರ್ಡ್ ನೋಡಿಕೊಂಡು ಹೋದೆವು. ಹೊಂಗೆ ಮರಗಳು ಆಗ ತಾನೇ ಚಿಗುರಿ ಎಳೆ ಹಸಿರು ಮಿಂಚುತ್ತಿದ್ದವು, ನನಗೆ ಅರ್ಧ ಮನಸ್ಸು ಅಲ್ಲೇ ಒಲಿಯಿತು. ಮೂರನೇ ಭಾನುವಾರ ಕುವೆಂಪುನಗರದಲ್ಲಿ ನೆಲಮಹಡಿಯ ಮನೆ ಸಿಕ್ಕಿತು. ಎರಡು ರೂಮು, ಹಿತ್ತಲಲ್ಲಿ ಒಗೆಯುವ ಕಲ್ಲು, ಎರಡು ತೆಂಗಿನಮರ. ಬಾಡಿಗೆ 15,000. ಓನರ್ ಆಂಟಿ ಮೇಲಿನ ಮನೆಯಲ್ಲೇ ಇರುತ್ತಾರೆ. ಬ್ರೋಕರ್ ಇಲ್ಲ, ಅಷ್ಟರಮಟ್ಟಿಗೆ ಒಂದು ತಿಂಗಳ ಬಾಡಿಗೆ ಉಳಿಯಿತು.

ಈ ಕಡೆ ಹಳೇ ಮನೆ ಓನರ್ ಜೊತೆ ಮಾತುಕತೆ. ನಮ್ಮದು ಹನ್ನೊಂದು ತಿಂಗಳ ಅಗ್ರಿಮೆಂಟು, ಪ್ರತಿ ಸಲ ಹೊಸ ಸ್ಟಾಂಪ್ ಪೇಪರ್, ಪ್ರತಿ ಸಲ ಐದು ಪರ್ಸೆಂಟ್ ಜಾಸ್ತಿ. ಒಂದು ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕು ಅಂತ ಎಲ್ಲರೂ ಹನ್ನೊಂದಕ್ಕೇ ನಿಲ್ಲಿಸುತ್ತಾರಲ್ಲ, ಹಾಗೆ. ಅದರಲ್ಲಿ ಎರಡು ತಿಂಗಳ ನೋಟಿಸ್ ಅಂತ ಇದ್ದದ್ದು ನಾನು ಒಂಬತ್ತು ವರ್ಷ ಓದಿಯೇ ಇರಲಿಲ್ಲ. ಮಾರ್ಚ್ 1ಕ್ಕೆ ಹೋಗಿ ಹೇಳಿದಾಗ ಓನರ್ ಅಂಕಲ್ ಫೈಲ್ ತೆಗೆದು ಆ ಸಾಲಿಗೆ ಬೆರಳಿಟ್ಟು ತೋರಿಸಿದರು. ಕಾಫಿ ಕೊಟ್ಟೇ ತೋರಿಸಿದರು ಅನ್ನಿ. ಕೊನೆಗೆ, "ಹತ್ತನೇ ತಾರೀಖಿನೊಳಗೆ ಬೇರೆಯವರು ಸಿಕ್ಕಿದರೆ ಏಪ್ರಿಲ್‌ದು ಹತ್ತು ದಿನದ ಬಾಡಿಗೆ ಕೊಡಿ ಸಾಕಮ್ಮಾ, ಸಿಗದಿದ್ರೆ ಪೂರ್ತಿ ತಿಂಗಳು" ಅಂತ ಒಪ್ಪಂದ.

ಅದರ ಫಲ ಏನು ಅಂದರೆ, ಮಗಳು ಗಣಿತ ಬಿಡಿಸುತ್ತಾ ಕೂತಿರುವಾಗ ದಿನಕ್ಕೆ ಎರಡು ಮೂರು ಸಂಸಾರ ಮನೆ ನೋಡಲು ಬರೋದು. ಒಬ್ಬರು ಬಂದು ಅವಳ ರೂಮಿನ ಕಿಟಕಿ ಅಳತೆ ಟೇಪ್ ಹಿಡಿದು ಅಳೆದರು. ಅವಳು ತಲೆ ಎತ್ತದೆ, "ಆಂಟೀ, ಟೇಪ್ ಸ್ವಲ್ಪ ಎತ್ತಿ, ಪೈಥಾಗೊರಸ್ ಮೇಲೆ ಬಿದ್ದಿದೆ" ಅಂದಳು. ಅವರೇ ಕೊನೆಗೆ ಆ ಮನೆ ಹಿಡಿದದ್ದು.

ಯುಗಾದಿ ದಿನವೇ ಮೈಸೂರಲ್ಲಿ ಹಾಲು ಉಕ್ಕಿಸಿಬಿಡೋಣ, ಸಾಮಾನು ಆಮೇಲೆ ಹೋಗಲಿ ಅಂತ ಅತ್ತೆ. ಯುಗಾದಿಗೆ ಮುಹೂರ್ತ ಕೇಳುವ ಹಾಗಿಲ್ಲ ಅನ್ನೋದು ಅವರ ವಾದ. ಹಿಂದಿನ ದಿನ ಅಮಾವಾಸ್ಯೆ, ಸೂರ್ಯಗ್ರಹಣ ಬೇರೆ. ಅದು ಭಾರತದಲ್ಲಿ ಕಾಣೋದೇ ಇಲ್ಲ, ಆಚರಣೆ ಇಲ್ಲ ಅಂತ ಟಿವಿಯವರು ಹತ್ತು ಸಲ ಹೇಳಿದ ಮೇಲೂ ಅತ್ತೆ ಆ ರಾತ್ರಿ ನೀರಿನ ಬಿಂದಿಗೆಗೆ ದರ್ಭೆ ಹಾಕಿಯೇ ಮಲಗಿದರು.

30ರ ಬೆಳಿಗ್ಗೆ ನಾಲ್ಕೂವರೆಗೆ ಕಾರು ಹತ್ತಿದೆವು. ಮಗಳು ವಿಜ್ಞಾನದ ಪುಸ್ತಕ ಹಿಡಿದು ಹಿಂದಿನ ಸೀಟಲ್ಲಿ. ಏಳರ ಹೊತ್ತಿಗೆ ಕುವೆಂಪುನಗರ. ಖಾಲಿ ಮನೆ, ಮಾತಾಡಿದರೆ ಪ್ರತಿಧ್ವನಿ. ನಾನು ಇಂಡಕ್ಷನ್ ಒಲೆ ತಂದಿದ್ದೆ, ಅಲ್ಲಿ ಗ್ಯಾಸ್ ಇನ್ನೂ ಇರಲಿಲ್ಲವಲ್ಲ. ಅದನ್ನು ಕಟ್ಟೆ ಮೇಲೆ ಇಟ್ಟು ಪ್ಲಗ್ ಹಾಕಿದೆ. ಅತ್ತೆ ಅದನ್ನೇ ನೋಡುತ್ತಾ ನಿಂತರು. "ಬೆಂಕಿ ಎಲ್ಲಿ?" ಅಂದರು. ಇದರಲ್ಲಿ ಬೆಂಕಿ ಇರಲ್ಲ ಅತ್ತೆ, ಪಾತ್ರೆ ಮಾತ್ರ ಕಾಯುತ್ತೆ ಅಂದೆ. "ಬೆಂಕಿ ಇಲ್ಲದ ಮೇಲೆ ಅದೆಂಥಾ ಹಾಲು ಉಕ್ಕಿಸೋದು?" ಇವರು ಜಾರಿಕೊಂಡು ಕಾರ್ ಒರೆಸಲು ಹೋದರು. ನಮ್ಮ ಮಾತು ಕೇಳಿಸಿತೇನೋ, ಮೇಲಿಂದ ಓನರ್ ಆಂಟಿ ಇಳಿದು ಬಂದರು. ಏನೂ ಕೇಳಲಿಲ್ಲ. ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಪಕ್ಕ ಮೂರು ಇಟ್ಟಿಗೆ ಇಟ್ಟರು, ಒಣಗಿದ ತೆಂಗಿನ ಗರಿ ಮುರಿದು ತುರುಕಿದರು, ಮೇಲೆ ನಾಲ್ಕು ಕರಟ. ಬೆಂಕಿಪೊಟ್ಟಣ ಅತ್ತೆ ಕೈಗೆ ಕೊಟ್ಟರು. ಅರ್ಧ ಲೀಟರ್ ಹಾಲು ಅದೆಷ್ಟು ಬೇಗ ಕಾಯಿತು ಅಂದರೆ, ಹೊಗೆಗೆ ಕಣ್ಣುಜ್ಜಿಕೊಂಡು ನೋಡುವಷ್ಟರಲ್ಲಿ ಪೂರ್ವದ ಕಡೆ ಉಕ್ಕಿ ಸುರಿಯಿತು. ಅತ್ತೆ ಮುಖ ನೋಡಬೇಕಿತ್ತು. ಅಲ್ಲೇ ನೆಲದ ಮೇಲೆ ಕೂತು ಬೇವು ಬೆಲ್ಲ ತಿಂದೆವು, ಓನರ್ ಆಂಟಿಗೂ ಕೊಟ್ಟೆವು.

ಎರಡೇ ದಿನಕ್ಕೆ, ಏಪ್ರಿಲ್ 1ರಿಂದ, ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಹಳೇ ರೇಟಿನ ಹಾಲು ಉಕ್ಕಿಸಿದೆವು ಅಂತ ಇವರು ಈಗಲೂ ಹೇಳಿಕೊಂಡು ನಗುತ್ತಾರೆ.

ಇನ್ನು ಸಾಮಾನಿನ ವಿಷಯ. ಮೂರು ಕಡೆ ರೇಟ್ ಕೇಳಿದೆ. 16,500, 21,000, 31,000. ಕಡಿಮೆ ಹೇಳಿದವರು ಮನೆ ನೋಡಲು ಬರಲೇ ಇಲ್ಲ, ಫೋನಲ್ಲೇ "ಡಬಲ್ ಬೆಡ್‌ರೂಮ್ ಅಲ್ವಾ ಮೇಡಂ, ಆಯ್ತು" ಅಂದರು. ಅಂಥವರು ಅವತ್ತಿನ ದಿನ ಬಂದು ಮೂರನೇ ಮಹಡಿ ಅಂತ ಗೊತ್ತಿರಲಿಲ್ಲ ಅಂತ ರಾಗ ಎಳೆಯುತ್ತಾರೆ ಅಂತ ತಂಗಿ ಎಚ್ಚರಿಸಿದ್ದಳು. 21,000 ಹೇಳಿದವರು ಬಂದು ಪ್ರತಿ ರೂಮಿನ ವಿಡಿಯೋ ತೆಗೆದುಕೊಂಡರು, ಮಂಚ ಬಿಚ್ಚೋದು, ಜೋಡಿಸೋದು, ಮೆಟ್ಟಿಲು, ಸ್ಕೂಟರ್, ಎಲ್ಲ ಸೇರಿಸಿ ವಾಟ್ಸಾಪಲ್ಲಿ ಬರೆದು ಕಳಿಸಿದರು. ಬರೆದು ಕಳಿಸಿ ಅಂತ ನಾನೇ ಹಟ ಹಿಡಿದದ್ದು. ಜಿಎಸ್‌ಟಿ ಬಿಲ್ ಬೇಕಾದರೆ ಮೇಲೆ 18 ಪರ್ಸೆಂಟ್. ಇವರಿಗೆ ಬ್ಯಾಂಕಿನಿಂದ ಖರ್ಚು ವಾಪಸ್ ಬರಬೇಕಾದರೆ ಬಿಲ್ ಬೇಕೇ ಬೇಕು, ಕೊಟ್ಟೆವು. ಸ್ಕೂಟರ್ ಅವರ ಲಾರಿಯಲ್ಲೇ ಹೋಗಬೇಕಿತ್ತು, ಯಾಕೆಂದರೆ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್‌ನಿಂದ ಬೈಕು ಸ್ಕೂಟರ್ ಬಿಡೋದಿಲ್ಲ. ಸರ್ವಿಸ್ ರೋಡಲ್ಲಿ ಓಡಿಸಿಕೊಂಡು ಬರ್ತೀನಿ ಅಂತ ಇವರು ಅಂದರು, ನಾನು ಸುಮ್ನೆ ನೋಡಿದೆ, ಆಮೇಲೆ ಅವರೇ ಪೆಟ್ರೋಲ್ ಬಸಿದು ಇಟ್ಟರು.

ಏಪ್ರಿಲ್ 4ಕ್ಕೆ ಮಗಳು ಕೊನೇ ಪೇಪರ್ ಬರೆದು ಬಂದಳು. ಚಪ್ಪಲಿ ಬಿಡುವ ಮೊದಲೇ ಅವಳನ್ನು ಸ್ಟೂಲ್ ಮೇಲೆ ಹತ್ತಿಸಿದೆ. ಅಟ್ಟದ ಕೆಲಸ. ಅಲ್ಲಿಂದ ಇಳಿದದ್ದರಲ್ಲಿ ಅರ್ಧ ನನಗೇ ಗುರುತು ಸಿಗಲಿಲ್ಲ. ಹನ್ನೊಂದು ಖಾಲಿ ಹಾರ್ಲಿಕ್ಸ್ ಬಾಟಲಿ. ಕೆಟ್ಟುಹೋದ ಎರಡು ಮಿಕ್ಸಿ, ಎರಡನ್ನೂ "ರಿಪೇರಿ ಮಾಡಿಸೋಣ" ಅಂತ ಇಟ್ಟದ್ದು. ನನ್ನ ಬಾಣಂತನದ ಬಿಸಿನೀರಿನ ಚೀಲ. ಗುಜರಿಯವರು ಎಲ್ಲಾ ತೂಗಿ 1,140 ರೂಪಾಯಿ ಕೊಟ್ಟರು, ಅತ್ತೆ ಹಿಂದಿನಿಂದ ಬಂದು ಒಂದು ಹಿತ್ತಾಳೆ ಚೊಂಬು ವಾಪಸ್ ಎತ್ತಿಕೊಂಡರು, ಅವರು 120 ವಾಪಸ್ ಇಸ್ಕೊಂಡರು.

ದಸರಾ ಗೊಂಬೆಗಳ ಟ್ರಂಕು ಮಾತ್ರ ಯಾರೂ ಮುಟ್ಟುವ ಹಾಗಿಲ್ಲ. ಪಟ್ಟದ ಗೊಂಬೆಗಳು ಅತ್ತೆಯ ತಾಯಿ ಕೊಟ್ಟದ್ದು, ಮೈಸೂರಿಂದಲೇ ಬಂದದ್ದು. "ವಾಪಸ್ ಊರಿಗೆ ಹೋಗ್ತಿವೆ" ಅಂತ ಅತ್ತೆ ಹಳೇ ಪಂಚೆ ಹರಿದು ಒಂದೊಂದನ್ನೂ ತಾವೇ ಸುತ್ತಿದರು.

ವಾಷಿಂಗ್ ಮಷಿನ್ ಕಥೆ ಹೇಳಲೇಬೇಕು, ಮುಂದುಗಡೆ ಬಾಗಿಲಿರುವ ಫ್ರಂಟ್ ಲೋಡ್ ಮಷಿನ್ ಇರುವವರಿಗೆ ಉಪಯೋಗಕ್ಕೆ ಬರುತ್ತೆ. ಅದರೊಳಗಿನ ಡ್ರಮ್ ಸ್ಪ್ರಿಂಗ್ ಮೇಲೆ ತೂಗಾಡುತ್ತಿರುತ್ತದೆ. ಕಂಪನಿಯಿಂದ ಬರುವಾಗ ಅದು ಅಲ್ಲಾಡದ ಹಾಗೆ ಹಿಂದುಗಡೆ ಉದ್ದನೆಯ ಬೋಲ್ಟುಗಳು ಹಾಕಿರುತ್ತಾರೆ, ಕೂರಿಸುವಾಗ ಬಿಚ್ಚಿ ನಮ್ಮ ಕೈಗೆ ಕೊಡುತ್ತಾರೆ, ಮತ್ತೆ ಸಾಗಿಸುವಾಗ ಅವನ್ನು ಹಾಕಬೇಕು. ಹಾಕದೆ ಲಾರಿಯಲ್ಲಿ 150 ಕಿಲೋಮೀಟರ್ ಹೋದರೆ ಡ್ರಮ್ ಒಳಗೇ ಬಡಿದುಕೊಂಡು ಹೋಗುತ್ತದೆ. 2018ರಲ್ಲಿ ಆ ಹುಡುಗ "ಮೇಡಂ, ಇದನ್ನ ಜೋಪಾನ" ಅಂದದ್ದು ನೆನಪಿದೆ, ಎಲ್ಲಿ ಜೋಪಾನ ಮಾಡಿದೆ ಅನ್ನೋದು ನೆನಪಿಲ್ಲ. ಶನಿವಾರ ಇಡೀ ಹುಡುಕಿದೆವು. ಕೊನೆಗೆ ಅತ್ತೆಯ ಹೊಲಿಗೆ ಮಷಿನ್ ಡ್ರಾಯರಿನಲ್ಲಿ, ಬಾಬಿನ್‌ಗಳ ಮಧ್ಯೆ, ನಾಲ್ಕೂ ಬೋಲ್ಟು. "ಕಬ್ಬಿಣದ್ದು ಏನೋ ಬಿದ್ದಿತ್ತು, ಮಷಿನ್‌ದೇ ಇರಬೇಕು ಅಂತ ಮಷಿನ್ನಿಗೇ ಹಾಕಿದೆ" ಅಂದರು. ತಪ್ಪೇನಿಲ್ಲ, ಮಷಿನ್ ಬೇರೆ ಅಷ್ಟೇ.

ಅದೇ ಶನಿವಾರ ಗ್ಯಾಸ್. ಊರು ಬದಲಾದರೆ ಸಿಲಿಂಡರ್ ಜೊತೆ ಒಯ್ಯುವ ಹಾಗಿಲ್ಲ. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಕೊಟ್ಟು, ಡಿಪಾಸಿಟ್ ವಾಪಸ್ ಪಡೆದು, ವರ್ಗಾವಣೆಯ ವೋಚರ್ ಬರೆಸಿಕೊಂಡು ಹೋಗಿ ಅಲ್ಲಿನ ಏಜೆನ್ಸಿಗೆ ಕೊಡಬೇಕು. ಕರೆಂಟಿನದ್ದು ಇನ್ನೊಂದು. ಗೃಹಜ್ಯೋತಿಗೆ ಹಳೇ ಮನೆಯ ಆರ್‌ಆರ್ ನಂಬರಿನ ಜೊತೆ ನಮ್ಮ ಆಧಾರ್ ಜೋಡಿಸಿರುತ್ತದಲ್ಲ, ಅದನ್ನು ಸೇವಾಸಿಂಧುವಿನಲ್ಲಿ ಬಿಡಿಸದೆ ಹೊಸ ಮನೆಗೆ ಹಾಕಲು ಬರೋದಿಲ್ಲ. ಇದನ್ನು ಮಗಳು ಹತ್ತು ನಿಮಿಷದಲ್ಲಿ ಫೋನಲ್ಲೇ ಮಾಡಿದಳು.

ಭಾನುವಾರ ರಾಮನವಮಿ. ಬೀದಿ ಪೆಂಡಾಲಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಕೊಡುತ್ತಿದ್ದರು. ಮನೆಯಲ್ಲಿ ಗ್ಯಾಸ್ ಇರಲಿಲ್ಲವಾದ್ದರಿಂದ ನಾವು ಮೂರು ಸಲ ಹೋಗಿ ಬಂದೆವು. ಮೂರನೇ ಸಲಕ್ಕೆ ಅಲ್ಲಿದ್ದ ಹುಡುಗ ಕೇಳದೆಯೇ ದೊನ್ನೆ ತುಂಬ ಹಾಕಿದ.

ಏಪ್ರಿಲ್ 7, ಸೋಮವಾರ. ಏಳಕ್ಕೆ ಬರ್ತೀವಿ ಅಂದವರು ಬಂದದ್ದು ಒಂಬತ್ತೂ ಮುಕ್ಕಾಲಿಗೆ. ಅತ್ತೆಗೆ ಖುಷಿ, ರಾಹುಕಾಲ ತಾನಾಗಿಯೇ ಕಳೆಯಿತಲ್ಲ. ನಾಲ್ಕು ಹುಡುಗರು. ಅದರಲ್ಲೊಬ್ಬ ಸಣಕಲ, ಫ್ರಿಜ್ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಮೂರು ಮಹಡಿ ಒಬ್ಬನೇ ಇಳಿಸಿದ. ತಿರುವಿನಲ್ಲಿ ಮಾತ್ರ ನಿಂತು, ಗೋಡೆಗೆ ಭುಜ ಒತ್ತಿ, ಒಂದು ಉಸಿರು ಎಳೆದು ಮತ್ತೆ ಇಳಿಯುತ್ತಿದ್ದ. ನಾನು ನೀರು ಹಿಡಿದುಕೊಂಡು ನಿಂತೇ ಇದ್ದೆ. ಲಾರಿಯಲ್ಲಿ ಫ್ರಿಜ್ ಮಲಗಿಸೋಕೆ ಹೊರಟಾಗ ಮಾತ್ರ ಜಗಳ ಆಡಿದೆ. ನಿಲ್ಲಿಸಿಯೇ ಹೋಗಬೇಕು, ಬೇಕಾದರೆ ಸೋಫಾ ಮಲಗಲಿ.

ಡಬ್ಬಗಳಿಗೆ ನಾನು 1ರಿಂದ 43ರವರೆಗೆ ನಂಬರ್ ಹಾಕಿ ನೋಟ್‌ಬುಕ್ಕಿನಲ್ಲಿ ಯಾವುದರಲ್ಲಿ ಏನಿದೆ ಬರೆದಿಟ್ಟಿದ್ದೆ. ಅವರು ಅಷ್ಟರ ಮೇಲೂ ಪ್ಲಾಸ್ಟಿಕ್ ಸುತ್ತಿ, ಎಲ್ಲದರ ಮೇಲೂ "ಕಿಚನ್" ಅಂತ ಬರೆದರು. ನೋಟ್‌ಬುಕ್ಕು 17ನೇ ಡಬ್ಬದೊಳಗೆ ಹೋಯಿತು.

ಅತ್ತೆ ಹಾಕಿದ್ದ ಮಾವಿನಕಾಯಿ ಉಪ್ಪಿನಕಾಯಿಗೆ ಇನ್ನೂ ಹತ್ತು ದಿನ ಆಗಿರಲಿಲ್ಲ. ಮನೆ ಬಿಡುವ ತಿಂಗಳಲ್ಲಿ ಯಾಕೆ ಹಾಕಿದಿರಿ ಅಂದರೆ, "ಮಾವಿನಕಾಯಿ ನಿನ್ನ ಲಾರಿಗೆ ಕಾಯುತ್ತಾ?" ಅಂದಿದ್ದರು. ಎಣ್ಣೆ ಪದಾರ್ಥ, ಗಿಡ ನಮ್ಮ ಜವಾಬ್ದಾರಿ ಅಲ್ಲ ಅಂತ ಸಾಗಿಸುವವರು ಮೊದಲೇ ಬರೆದುಕೊಟ್ಟಿದ್ದರು. ಹಾಗಾಗಿ ಕಾರಿನಲ್ಲಿ ದೇವರ ಪೆಟ್ಟಿಗೆ, ಗೊಂಬೆ ಟ್ರಂಕು, ಮಗಳ ಕಾಲ ಮಧ್ಯೆ ತುಳಸಿ ಕುಂಡ, ಅತ್ತೆ ಮಡಿಲಲ್ಲಿ ಬಟ್ಟೆ ಕಟ್ಟಿದ ಪಿಂಗಾಣಿ ಜಾಡಿ. ಎಕ್ಸ್‌ಪ್ರೆಸ್‌ವೇ ಹತ್ತಿ ಒಂದು ಗಂಟೆಯಾದ ಮೇಲೆ ಅತ್ತೆ "ಮದ್ದೂರು ಬಂತಾ?" ಅಂದರು. ಮದ್ದೂರು ಆಗಲೇ ಬೈಪಾಸಿನ ಆಚೆ ದಾಟಿಹೋಗಿತ್ತು. ವಡೆ ಇಲ್ಲದೆ ಮೈಸೂರಿಗೆ ಹೋದದ್ದು ಅವರ ಜೀವಮಾನದಲ್ಲಿ ಅದು ಎರಡನೇ ಸಲವಂತೆ, ಮೊದಲನೆಯದು ಯುಗಾದಿ ದಿನ.

ಲಾರಿ ಬಂದು ಇಳಿಸಿ ಮುಗಿದಾಗ ರಾತ್ರಿ ಹತ್ತೂವರೆ. ಹುಡುಗರಿಗೆ ಊಟಕ್ಕೆ ಕೊಟ್ಟು ಕಳಿಸಿ, ಇಂಡಕ್ಷನ್ ಮೇಲೆ ಅನ್ನ ಇಡೋಣ ಅಂತ ಹೊರಟರೆ ಕುಕ್ಕರ್ ಇದೆ, ವೆಯ್ಟ್ ಇಲ್ಲ. ಅದು 17ನೇ ಡಬ್ಬದಲ್ಲಿದೆಯೋ 31ರಲ್ಲಿದೆಯೋ, ನೋಡಲು ನೋಟ್‌ಬುಕ್ ಬೇಕು. ಓನರ್ ಆಂಟಿ ಮೇಲಿಂದ ಚಿತ್ರಾನ್ನ ಕಳಿಸಿದರು. ಅತ್ತೆ ಜಾಡಿ ಬಿಚ್ಚಿ, ಇನ್ನೂ ಕಳಿಯದ ಉಪ್ಪಿನಕಾಯಿಯ ಒಂದೊಂದು ಹೋಳು ಬಡಿಸಿದರು.

ಮರುದಿನ ಬೆಳಿಗ್ಗೆ ಪೇಪರಿನಲ್ಲಿ ಮೊದಲ ಸುದ್ದಿ, ಗ್ಯಾಸ್ ಸಿಲಿಂಡರಿಗೆ 50 ರೂಪಾಯಿ ಜಾಸ್ತಿ. ಇವರು ನನ್ನ ಮುಖ ನೋಡಿದರು, ನಾನು ವೋಚರ್ ಹಿಡಿದು ಏಜೆನ್ಸಿಗೆ ಹೊರಟೆ.

ಅಡ್ವಾನ್ಸ್ ಲೆಕ್ಕ ಬಾಕಿ ಇತ್ತಲ್ಲ. ಕೊಟ್ಟದ್ದು 1,50,000. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೋಬಾರದು ಅಂತಿದೆ, ಆದರೆ ಅದು ಹೆಸರಿಗೆ ತಕ್ಕ ಹಾಗೆ ಬರೀ ಮಾದರಿ. ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ 19,000 ಮುರಿದುಕೊಂಡರು, ಹತ್ತು ದಿನದ್ದು 6,333. ಬಾತ್‌ರೂಮ್ ಬಾಗಿಲ ಬುಡ ನೀರು ಕುಡಿದು ಉಬ್ಬಿದೆ, ಬಡಗಿ ನೋಡಿ ಹೇಳಲಿ ಅಂತ 4,500 ಹಿಡಿದಿಟ್ಟುಕೊಂಡರು. ಬಡಗಿ ಎರಡು ತಿಂಗಳಾದರೂ ನೋಡಲಿಲ್ಲ. ಮೇನಲ್ಲಿ ಮಗಳ ರಿಸಲ್ಟ್ ಬಂದು ಟಿಸಿ ತರಲು ಹೋದಾಗಲೂ ಕೇಳಿದೆ. "ಕೊಡ್ತೀನಮ್ಮಾ, ಎಲ್ಲಿಗೆ ಹೋಗುತ್ತೆ?"

ಜೂನ್‌ನಲ್ಲಿ ಒಂದು ದಿನ ಬೆಳಿಗ್ಗೆ ಆರಕ್ಕೇ ಅಂಕಲ್ ಫೋನ್. ಹೊಸಬರಿಗೆ ಮೂರನೇ ಮಹಡಿಗೆ ನೀರೇ ಏರುತ್ತಿಲ್ಲವಂತೆ, ಪ್ಲಂಬರ್ ಎರಡು ಸಲ ಬಂದು ಹೋದನಂತೆ, ನೀವಿದ್ದಾಗ ಹೇಗೆ ಬರ್ತಿತ್ತು ಅಂತ ಕೇಳಿದರು. ಸಂಪಿನ ಪಕ್ಕ ಎರಡು ವಾಲ್ವ್ ಇವೆ, ಎಡಗಡೆಯದನ್ನು ಅರ್ಧ ಮಾತ್ರ ತಿರುಗಿಸಬೇಕು, ಪೂರ್ತಿ ತಿರುಗಿಸಿದರೆ ನೀರೆಲ್ಲ ಅಂಕಲ್ ಟ್ಯಾಂಕಿಗೇ ಹೋಗುತ್ತೆ. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಅದನ್ನು ತಿರುಗಿಸಿದವಳು ನಾನು.

"ಹೇಳ್ತೀನಿ ಅಂಕಲ್" ಅಂದೆ. "ಬಡಗಿ ಬಂದಿದ್ರಾ?"

ಹತ್ತು ನಿಮಿಷದಲ್ಲಿ 4,500 ಫೋನ್‌ಪೇಗೆ ಬಂತು. ಆಮೇಲೆ ವಾಲ್ವ್ ಹೇಳಿದೆ.